ಚದುರಂಗದ ಚಿಪ್ಪು ಅಂಗಡಿಗೆ ಬರಲಿಲ್ಲವೇಕೆ?

"ಸಾರ್, ಮಗನಿಗೆ ಚೆಸ್ ಹುಚ್ಚು. ಅದಕ್ಕೆಂದೇ ದೊಡ್ಡ ಕಂಪ್ಯೂಟರ್ ಬೇಕಂತೆ. ಸಾಲ ಮಾಡಿಯಾದರೂ ಕೊಡಿಸಲೇ?" ಒಂಬತ್ತನೇ ತರಗತಿಯ ಹುಡುಗನ ತಂದೆಯೊಬ್ಬರು ಶಾಲೆಗೇ ಬಂದು ಕೇಳಿದರು. ಉತ್ತರ ಹೇಳಲು ನಾನು 1997ಕ್ಕೆ ಹೋಗಬೇಕಾಯಿತು.

ಆ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂ ಕಂಪನಿಯ 'ಡೀಪ್ ಬ್ಲೂ' ಯಂತ್ರ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು 3½–2½ ಅಂಕಗಳಿಂದ ಸೋಲಿಸಿತು. ಅದರೊಳಗೆ ಚದುರಂಗಕ್ಕೆಂದೇ ತಯಾರಿಸಿದ 480 ಚಿಪ್ಪುಗಳಿದ್ದವು. ಒಂದೊಂದೂ ಸೆಕೆಂಡಿಗೆ ಸುಮಾರು 20 ಲಕ್ಷ ಸ್ಥಿತಿಗಳನ್ನು ಪರಿಶೀಲಿಸಬಲ್ಲದು. ಗುಣಿಸಿ ನೋಡಿ, ಮಕ್ಕಳೇ: 96 ಕೋಟಿ ಬರುತ್ತದೆ. ಆದರೆ ನಿಜವಾದ ವೇಗ 10ರಿಂದ 20 ಕೋಟಿ ಮಾತ್ರ. ಕೆಲಸ ಹಂಚುವವರು ನಿಧಾನವಾದರೆ ಆಳುಗಳು ಕೈಕಟ್ಟಿ ನಿಲ್ಲುತ್ತಾರಲ್ಲ, ಹಾಗೆ!

ಸಾಮಾನ್ಯ ಪ್ರೊಸೆಸರ್ ಒಂದಾದ ಮೇಲೊಂದು ಆದೇಶದಂತೆ ಮಾಡುವ ಲೆಕ್ಕವನ್ನು ಇಂಥ ಚಿಪ್ಪಿನಲ್ಲಿ ಮಂಡಲಗಳೇ ಒಟ್ಟಿಗೆ ಮಾಡಿಬಿಡುತ್ತವೆ. ವೇಗದ ಗುಟ್ಟು ಅದೇ. ತೊಡಕೂ ಅಲ್ಲೇ ಇದೆ. ಆಟದ ತಿಳಿವಳಿಕೆಗೆ ಹೊಸ ಅಂಶ ಸೇರಿಸಬೇಕೆಂದರೆ ಚಿಪ್ಪನ್ನೇ ಮತ್ತೆ ರೂಪಿಸಬೇಕು. 1996ರಲ್ಲಿ ಕ್ಯಾಸ್ಪರೋವ್ ಎದುರು ಸೋತ ಮೇಲೆ ಆ ತಂಡ ಹಾಗೆಯೇ ಮಾಡಿತು. ಸಾಫ್ಟ್‌ವೇರ್ ಬರೆಯುವವನಾದರೋ ಸಂಜೆ ತಿದ್ದಿ ರಾತ್ರಿ ಪರೀಕ್ಷಿಸುತ್ತಾನೆ.

ಇಂಥ ಚಿಪ್ಪು ಮನೆಮನೆಗೆ ಬಂದರೆ ಚೆಸ್ ಸಾಫ್ಟ್‌ವೇರ್ ಮಾರುವವರ ಗತಿಯೇನು ಎಂದು ಆಗ ಚರ್ಚೆಯಾಗುತ್ತಿತ್ತು. ಚಿಪ್ಪು ಬರಲೇ ಇಲ್ಲ. ಕೋಟಿಗಟ್ಟಲೆ ಮಾರಾಟವಾಗುವ ಸಾಮಾನ್ಯ ಪ್ರೊಸೆಸರುಗಳು ವರ್ಷವರ್ಷಕ್ಕೂ ವೇಗವಾಗುತ್ತಿದ್ದವು. ಬೆರಳೆಣಿಕೆಯ ಗಿರಾಕಿಗಳನ್ನು ನಂಬಿ ಅವುಗಳ ಜೊತೆ ಓಡುವವರಾರು? ವಿಶೇಷ ಯಂತ್ರಾಂಶದ 'ಹೈಡ್ರಾ' 2005ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಆಡಮ್ಸ್ ಅವರನ್ನು 5½–½ರಿಂದ ಬಗ್ಗುಬಡಿಯಿತು, ನಿಜ. ಆದರೆ ಮರುವರ್ಷವೇ ಬಾನ್ ನಗರದಲ್ಲಿ, ಸಾಮಾನ್ಯ ಇಂಟೆಲ್ ಪ್ರೊಸೆಸರುಗಳ ಮೇಲೆ ಓಡಿದ 'ಡೀಪ್ ಫ್ರಿಟ್ಜ್' ಎಂಬ ಅಂಗಡಿ ಸರಕು ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಅವರನ್ನು 4–2ರಿಂದ ಸೋಲಿಸಿತು!

ಸಾಫ್ಟ್‌ವೇರ್ ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು ಬೇರೆ ದಿಕ್ಕಿನಿಂದ. 2008ರಲ್ಲಿ 'ಸ್ಟಾಕ್‌ಫಿಶ್' ಬಂತು. ಪುಕ್ಕಟೆ, ಯಾರು ಬೇಕಾದರೂ ತಿದ್ದಬಹುದು. ಬಿಟ್ಟಿ ಸಿಗುವುದೇ ಎಲ್ಲರಿಗಿಂತ ಬಲಶಾಲಿಯಾದಾಗ ಕಾಸು ಕೊಡುವವರಾರು?

2017ರಲ್ಲಿ ಗೂಗಲ್ ಬಳಗದ 'ಆಲ್ಫಾಜೀರೋ' ಮತ್ತೆ ವಿಶೇಷ ಚಿಪ್ಪು ಹಿಡಿದು ಬಂತು. ಆದರೆ ಅವು ಚದುರಂಗದ ಚಿಪ್ಪುಗಳಲ್ಲ, ನರಜಾಲದ ಲೆಕ್ಕಕ್ಕೆಂದು ಮಾಡಿದವು. ಅದು ನೋಡುತ್ತಿದ್ದುದು ಸೆಕೆಂಡಿಗೆ ಸುಮಾರು 60 ಸಾವಿರ ಸ್ಥಿತಿಗಳನ್ನಷ್ಟೆ. ಎದುರಾಳಿ ಸ್ಟಾಕ್‌ಫಿಶ್ ಸುಮಾರು 6 ಕೋಟಿ ನೋಡುತ್ತಿತ್ತು. ಆದರೂ ಗೆದ್ದದ್ದು ಆಲ್ಫಾಜೀರೋ. 2020ರಲ್ಲಿ ಸ್ಟಾಕ್‌ಫಿಶ್ ಕೂಡ ಪುಟ್ಟ ನರಜಾಲವೊಂದನ್ನು ಸೇರಿಸಿಕೊಂಡಿತು, ಸಾಮಾನ್ಯ ಪ್ರೊಸೆಸರಿನಲ್ಲೇ ಓಡುವಂಥದ್ದು.

ಇಷ್ಟನ್ನೂ ಹೇಳಿ, "ನಿಮ್ಮ ಜೇಬಿನಲ್ಲಿರುವ ಮೊಬೈಲೇ ಸಾಕು ಸ್ವಾಮಿ, ವಿಶ್ವ ಚಾಂಪಿಯನ್ನರನ್ನೂ ಸೋಲಿಸುವ ಸ್ಟಾಕ್‌ಫಿಶ್ ಅದರಲ್ಲೇ ಓಡುತ್ತದೆ" ಎಂದೆ. ಅವರು ಮೊಬೈಲನ್ನು ತಿರುವಿ ಮುರುವಿ ನೋಡಿದರು. ಹೊರಗೆ ನಿಂತಿದ್ದ ಹುಡುಗನ ಮುಖ ಮಾತ್ರ ಸಪ್ಪಗಾಯಿತು. ದೊಡ್ಡ ಕಂಪ್ಯೂಟರ್ ಬೇಕಾಗಿದ್ದುದು ಚೆಸ್ಸಿಗೊಂದಕ್ಕೇ ಅಲ್ಲವೆಂದು ಕಾಣುತ್ತದೆ.