ಎರಡು ಪೌಂಡಿನ ಮಾಲೀಕರು

2024ರ ಜುಲೈ 10. ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ ಯುರೋ ಕಪ್ ಫುಟ್‌ಬಾಲ್ ಸೆಮಿಫೈನಲ್. ನಮ್ಮ ಗಡಿಯಾರದಲ್ಲಿ ಆಗಲೇ 11ರ ನಸುಕು, ಎರಡು ಗಂಟೆ ದಾಟಿತ್ತು. ಇಂಗ್ಲೆಂಡ್ ಒಂದು ಗೋಲು, ನೆದರ್ಲೆಂಡ್ಸ್ ಒಂದು ಗೋಲು. ಆಟ ಮುಗಿಯಲು ಇನ್ನೇನು ಉಳಿದಿರಲಿಲ್ಲ. ಹತ್ತು ನಿಮಿಷದ ಹಿಂದಷ್ಟೇ ಬದಲಿ ಆಟಗಾರನಾಗಿ ಒಳಗೆ ಬಂದಿದ್ದ ಓಲಿ ವಾಟ್ಕಿನ್ಸ್, ಬೆನ್ನಿಗೆ ಅಂಟಿಕೊಂಡಿದ್ದ ರಕ್ಷಕನನ್ನು ಲೆಕ್ಕಿಸದೆ ಗಿರ್ರನೆ ತಿರುಗಿ ಹೊಡೆದ. ಚೆಂಡು ಆಚೆ ಮೂಲೆಯಲ್ಲಿ ಬಲೆಗೆ ಬಿತ್ತು. ಇಂಗ್ಲೆಂಡ್ ಫೈನಲ್‌ಗೆ ಹೋಯಿತು.

ಮರುದಿನ ಪತ್ರಿಕೆಗಳಲ್ಲಿ ಗೋಲಿನ ವರ್ಣನೆಯೇ ವರ್ಣನೆ. ನನಗೆ ಕುತೂಹಲ ಹುಟ್ಟಿದ್ದು ಬೇರೆ ವಿಷಯದಲ್ಲಿ. ಈ ಹುಡುಗ ಆಟ ಕಲಿತದ್ದು ಎಲ್ಲಿ? ಮ್ಯಾಂಚೆಸ್ಟರ್‌ನಲ್ಲಲ್ಲ, ಲಂಡನ್ನಿನಲ್ಲೂ ಅಲ್ಲ. ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ, ಡೆವನ್ ಎಂಬ ಹಸಿರು ಜಿಲ್ಲೆಯಲ್ಲಿ ಎಕ್ಸೆಟರ್ ಅಂತ ಒಂದು ಊರಿದೆ. ಅಲ್ಲಿಯ ಎಕ್ಸೆಟರ್ ಸಿಟಿ ಎಂಬ ಸಣ್ಣ ಕ್ಲಬ್ಬಿನ ಗರಡಿಯಲ್ಲಿ ಪಳಗಿದವನು ಅವನು.

ಎಷ್ಟು ಸಣ್ಣದು ಅಂದರೆ, ಅವರ ಸೇಂಟ್ ಜೇಮ್ಸ್ ಪಾರ್ಕ್ ಮೈದಾನದಲ್ಲಿ ಒಂಬತ್ತು ಸಾವಿರ ಜನ ಹಿಡಿಸುವುದೂ ಕಷ್ಟ. ಅಲ್ಲಿ ಗೋಲಿನ ಹಿಂದೆ ಜನ ನಿಂತು ನೋಡುವ ಜಾಗಕ್ಕೆ 'ಬಿಗ್ ಬ್ಯಾಂಕ್' ಎಂದು ಹೆಸರು. ಓದಿದೊಡನೆ ನನ್ನ ಕಿವಿ ನೆಟ್ಟಗಾಯಿತು! ಜೀವಮಾನವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನೋಡಿ. ಆದರೆ ಇಲ್ಲಿ ಬ್ಯಾಂಕ್ ಎಂದರೆ ದಿಬ್ಬ. ದೊಡ್ಡ ದಿಬ್ಬ, ಅಷ್ಟೆ.

ಇಂಥ ಕ್ಲಬ್ಬಿನ ಮಾಲೀಕರು ಯಾರು? ಈಗಿನ ದೊಡ್ಡ ತಂಡಗಳನ್ನು ಅರಬ್ ದೇಶದ ರಾಜಮನೆತನದವರೋ ಅಮೆರಿಕದ ಕೋಟ್ಯಧಿಪತಿಗಳೋ ಕೊಂಡಿರುತ್ತಾರೆ. ಎಕ್ಸೆಟರ್ ಸಿಟಿಯ ಅರ್ಧಕ್ಕಿಂತ ಹೆಚ್ಚು ಷೇರು ಇರುವುದು ಅದರ ಅಭಿಮಾನಿಗಳದೇ ಒಂದು ಸಂಘದ ಕೈಯಲ್ಲಿ. ತಿಂಗಳಿಗೆ ಎರಡು ಪೌಂಡ್, ಅಂದರೆ ಇನ್ನೂರು ಚಿಲ್ಲರೆ ರೂಪಾಯಿ ವಂತಿಗೆ ಕೊಟ್ಟರೆ ಸದಸ್ಯರು. ಹೆಚ್ಚು ಕೊಡುವವರಿಗೂ ಒಂದೇ ಮತ, ಎರಡೇ ಪೌಂಡ್ ಕೊಡುವವರಿಗೂ ಒಂದೇ ಮತ. ಸದಸ್ಯರು ಮತ ಹಾಕಿ ಆರಿಸಿದವರು ಸಂಘ ನಡೆಸುತ್ತಾರೆ, ಸಂಘ ಕ್ಲಬ್ಬಿನ ಮೇಲೆ ಕಣ್ಣಿಟ್ಟಿರುತ್ತದೆ.

ಅಜ್ಜಂದಿರಿಗೆ ಇದನ್ನು ಎಲ್ಲೋ ಕೇಳಿದ ಹಾಗಿದೆ ಅನಿಸುತ್ತದೆ. ಹೌದು, ಇದು ನಮ್ಮ ಸೊಸೈಟಿಯ ಪದ್ಧತಿಯೇ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರಲ್ಲ, ಆ ಚಳವಳಿಯ ಬೇರು ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿದೆ. 1844ರಲ್ಲಿ ಅಲ್ಲಿಯ ನೇಕಾರರೂ ಇತರ ಕೆಲಸಗಾರರೂ ಸೇರಿ ಒಂದು ದಿನಸಿ ಅಂಗಡಿ ತೆರೆದರು. ಒಬ್ಬರಿಗೆ ಒಂದೇ ಮತ ಎಂಬ ನಿಯಮ ಅವರದು. ಅದೇ ನಿಯಮ ಈ ಕಡೆ ಕಣಗಿನಹಾಳಕ್ಕೆ ಬಂತು, ಆ ಕಡೆ ಫುಟ್‌ಬಾಲ್ ಮೈದಾನಕ್ಕೂ ಹೋಯಿತು.

ಆದರೆ ಎಕ್ಸೆಟರ್‌ನವರು ಸಂತೋಷದಿಂದ ಮಾಲೀಕರಾದವರಲ್ಲ. ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿದವರು.

ಹಳೆಯ ಕ್ಲಬ್ಬು ಅದು. 1914ರಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋಗಿ ಆಡಿ ಬಂದಿತ್ತು. ಆ ವರ್ಷ ಜುಲೈ 21ರಂದು ರಿಯೊ ಡಿ ಜನೈರೋದಲ್ಲಿ ಬ್ರೆಜಿಲ್ ದೇಶ ತನ್ನ ರಾಷ್ಟ್ರೀಯ ತಂಡವನ್ನು ಮೊಟ್ಟಮೊದಲ ಸಲ ಕಣಕ್ಕಿಳಿಸಿದ್ದು ಯಾರ ಎದುರು ಗೊತ್ತೇ ಮಕ್ಕಳೇ? ಇದೇ ಎಕ್ಸೆಟರ್ ಸಿಟಿಯ ಎದುರು. ಬ್ರೆಜಿಲ್ 2-0 ಗೆದ್ದಿತು. ಅವರ ಹೆಸರಾಂತ ಆಟಗಾರ ಫ್ರೀಡೆನ್‌ರೈಷ್ ಆ ಆಟದಲ್ಲಿ ಎರಡು ಹಲ್ಲು ಕಳೆದುಕೊಂಡ.

ಇಷ್ಟು ದೊಡ್ಡ ಕಥೆಯ ಕ್ಲಬ್ಬು 2000ದ ಹೊತ್ತಿಗೆ ಸಾಲದಲ್ಲಿ ಮುಳುಗತೊಡಗಿತು. ಆಗ ನಡೆದ ಕೆಲವು ಸಂಗತಿ ಕೇಳಿದರೆ ನಗು ಬರುತ್ತದೆ. ಮನಸ್ಸಿನ ಶಕ್ತಿಯಿಂದಲೇ ಚಮಚ ಬಗ್ಗಿಸುತ್ತೇನೆ ಎನ್ನುತ್ತಿದ್ದ ಯೂರಿ ಗೆಲ್ಲರ್ ಈ ತಂಡದ ಅಭಿಮಾನಿ. 1997ರಲ್ಲಿ ಒಮ್ಮೆ ಅವರು ಗೋಲಿನ ಹಿಂದೆ 'ಶಕ್ತಿ ತುಂಬಿದ' ಹರಳುಗಳನ್ನು ಇಟ್ಟರು. ತಂಡ 5-1ರಲ್ಲಿ ಸೋತಿತು. 2002ರಲ್ಲಿ ಹೊಸ ಆಡಳಿತ ಬಂದಾಗ ಅವರಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ಆ ಜೂನ್‌ನಲ್ಲಿ ಅವರು ಗೆಳೆಯ ಮೈಕೆಲ್ ಜಾಕ್ಸನ್ನರನ್ನೇ ಕರೆತಂದರು. ಜಗತ್ತೇ ಕುಣಿದ ಆ ಹಾಡುಗಾರ ಸೇಂಟ್ ಜೇಮ್ಸ್ ಪಾರ್ಕಿನ ಹುಲ್ಲಿನ ಮೇಲೆ ನಿಂತು ಮಾತಾಡಿ ಹೋದರು. ಊರಿಗೆ ಊರೇ ನೋಡಿತು. ಆದರೆ ಜಾತ್ರೆಗೆ ಬಂದ ಜನದಿಂದ ದೇವಸ್ಥಾನದ ಮಾಡು ರಿಪೇರಿ ಆಗುವುದಿಲ್ಲ. ಒಂದು ವರ್ಷದೊಳಗೆ, 2003ರ ಮೇ ತಿಂಗಳಲ್ಲಿ, ಎಕ್ಸೆಟರ್ ಸಿಟಿ ನಾಲ್ಕನೇ ದರ್ಜೆಯಿಂದಲೂ ಕೆಳಗೆ ಬಿದ್ದು ಫುಟ್‌ಬಾಲ್ ಲೀಗಿನಿಂದ ಹೊರಗಾಯಿತು. ಆಗ ಕ್ಲಬ್ ನಡೆಸುತ್ತಿದ್ದ ಇಬ್ಬರ ಮೇಲೆ ಮೋಸದ ವ್ಯವಹಾರದ ಮೊಕದ್ದಮೆ ನಡೆದು ಮುಂದೆ ಶಿಕ್ಷೆಯೂ ಆಯಿತು. ಒಟ್ಟು ಸಾಲ ಸುಮಾರು 45 ಲಕ್ಷ ಪೌಂಡ್!

ಅಭಿಮಾನಿಗಳ ಸಂಘ ಕ್ಲಬ್ಬನ್ನು ಕೈಗೆ ತೆಗೆದುಕೊಂಡದ್ದು ಆ ಹೊತ್ತಿನಲ್ಲಿ. ಮೈದಾನ ಗುಡಿಸಿದವರು, ಬಣ್ಣ ಬಳಿದವರು, ಬಕೆಟ್ಟು ಹಿಡಿದು ಚಿಲ್ಲರೆ ಕೂಡಿಸಿದವರು, ಕಚೇರಿಯಲ್ಲಿ ಸಂಬಳವಿಲ್ಲದೆ ದುಡಿದವರು ಎಲ್ಲರೂ ವಾರದ ಹಿಂದೆ ಟಿಕೆಟ್ ಕೊಂಡು ಆಟ ನೋಡುತ್ತಿದ್ದವರೇ.

ಹಳೆಯ ಸಾಲ ಏನಾಯಿತು? ಸಾಲ ಕೊಟ್ಟವರನ್ನೆಲ್ಲ ಕೂಡಿಸಿ, ಪೂರ್ತಿ ಕೊಡಲು ನಮ್ಮಿಂದಾಗದು, ಇಷ್ಟರಲ್ಲಿ ಒಪ್ಪಿಕೊಳ್ಳಿ ಎಂದು ಕೇಳುವ ಒಂದು ಕಾನೂನಿನ ದಾರಿ ಇಂಗ್ಲೆಂಡಿನಲ್ಲಿದೆ. ಎಕ್ಸೆಟರ್ ಆ ದಾರಿ ಹಿಡಿಯಿತು. ಇಲ್ಲೊಂದು ವಿಚಿತ್ರ ನೋಡಿ. ಇಂಥ ಹೊತ್ತಿನಲ್ಲಿ ಆಟಗಾರರಿಗೂ ಬೇರೆ ಕ್ಲಬ್ಬುಗಳಿಗೂ ಕೊಡಬೇಕಾದದ್ದನ್ನು ಪೂರ್ತಿ ಕೊಡಬೇಕು ಎಂಬುದು ಅಲ್ಲಿಯ ಫುಟ್‌ಬಾಲ್ ಕಟ್ಟಳೆ. ಬ್ರೆಡ್ಡು ಹಾಕಿದವರು, ನಲ್ಲಿ ರಿಪೇರಿ ಮಾಡಿದವರು, ಸರ್ಕಾರದ ತೆರಿಗೆ ಇಲಾಖೆ ಇವರೆಲ್ಲ ಉಳಿದ ಚೂರನ್ನು ಹಂಚಿಕೊಳ್ಳಬೇಕು. ಬೀದಿಕೊನೆಯ ಅಂಗಡಿಯವನು ಸೋತು, ದೂರದ ಕ್ಲಬ್ಬು ಗೆಲ್ಲುವ ಈ ನಿಯಮ ನನಗಂತೂ ಸರಿ ಕಾಣಲಿಲ್ಲ. ಸಾಲ ಅಂದಮೇಲೆ ಎಲ್ಲರದೂ ಸಾಲವೇ.

ಒಪ್ಪಿಕೊಂಡಷ್ಟನ್ನು ತೀರಿಸಲಾದರೂ ಹಣ ಬೇಕಲ್ಲ. ಅದು ಬಂದದ್ದು ಚೀಟಿ ಎತ್ತಿದಾಗ. ಇಂಗ್ಲೆಂಡಿನ ಎಫ್.ಎ. ಕಪ್‌ನಲ್ಲಿ ಯಾರು ಯಾರೊಂದಿಗೆ ಆಡಬೇಕು ಎಂಬುದು ಚೀಟಿಯಲ್ಲೇ ತೀರ್ಮಾನ. ಐದನೇ ದರ್ಜೆಯ ಎಕ್ಸೆಟರ್‌ಗೆ ಬಂದದ್ದು ಮ್ಯಾಂಚೆಸ್ಟರ್ ಯುನೈಟೆಡ್, ಅದೂ ಅವರದೇ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ. ಈ ಕಪ್‌ನಲ್ಲಿ ಟಿಕೆಟ್ಟಿನ ಹಣ ಎರಡೂ ತಂಡಗಳಿಗೆ ಹಂಚಿಕೆಯಾಗುತ್ತದೆ. 2005ರ ಜನವರಿ 8ರಂದು ಅರುವತ್ತೇಳು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಎಕ್ಸೆಟರ್‌ನವರು ಹತ್ತು ಗೋಲು ತಿಂದು ಬಂದಿದ್ದರೂ ಆ ಪಾಲು ಸಿಗುತ್ತಿತ್ತು. ಆದರೆ ಅವರು ತೊಂಬತ್ತು ನಿಮಿಷ ಗೋಡೆಯಂತೆ ನಿಂತರು. 0-0!

ಆಗೆಲ್ಲ ಸಮವಾದರೆ ಮರುಪಂದ್ಯ, ಅದೂ ಮೊದಲ ಪಂದ್ಯಕ್ಕೆ ಹೊರಗಿನಿಂದ ಬಂದಿದ್ದ ತಂಡದ ಊರಿನಲ್ಲಿ. ಜನವರಿ 19ರಂದು ಸೇಂಟ್ ಜೇಮ್ಸ್ ಪಾರ್ಕಿಗೆ ಯುನೈಟೆಡ್ ಬಂತು, ಜೊತೆಗೆ ಟೀವಿಯವರ ಹಣವೂ ಬಂತು. ರೊನಾಲ್ಡೊ ಒಂದು, ರೂನಿ ಒಂದು ಗೋಲು ಹೊಡೆದು ಎಕ್ಸೆಟರ್ ಸೋತಿತು. ಎರಡು ಪಂದ್ಯಗಳ ಗಳಿಕೆಯಿಂದ ಸಾಲದ ಮೂಟೆ ಕೆಳಗಿಳಿಯಿತು. 2024ರ ಋತುವಿನಿಂದ ಈ ಕಪ್‌ನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯವನ್ನೇ ತೆಗೆದುಹಾಕಿದ್ದಾರೆ. ದೊಡ್ಡ ತಂಡಗಳಿಗೆ ಪಂದ್ಯಗಳ ಹೊರೆ ಜಾಸ್ತಿಯಂತೆ. ಇನ್ನು ಮುಂದೆ ಇಂಥ ಸಣ್ಣ ಕ್ಲಬ್ಬಿನವರ ಮನೆಗೆ ಲಕ್ಷ್ಮಿ ಎರಡನೇ ಸಲ ಬರುವ ಬಾಗಿಲನ್ನು ಮುಚ್ಚಿದ ಹಾಗಾಯಿತು.

ಅದೃಷ್ಟ ಒಮ್ಮೆ ಬರುತ್ತದೆ, ಸಂಬಳದ ದಿನ ಪ್ರತಿ ತಿಂಗಳೂ ಬರುತ್ತದೆ. ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳು ಬೇಕಾದರೆ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಲೀಗಿನಲ್ಲಿ 24 ತಂಡ. ಪ್ರತಿಯೊಂದರ ಜೊತೆ ಒಂದು ಸಲ ತಮ್ಮೂರಲ್ಲಿ ಆಡಬೇಕು. ಅಂದರೆ ವರ್ಷದಲ್ಲಿ ಲೀಗಿನ ಗೇಟ್ ಹಣ ಬರುವುದು 23 ದಿನ ಮಾತ್ರ. ಆಟಗಾರರು, ತರಬೇತುದಾರರು, ಹುಲ್ಲು ಕತ್ತರಿಸುವವರು, ಅಂಗಿ ಒಗೆಯುವವರು ಊಟ ಮಾಡುವುದು ಮಾತ್ರ 365 ದಿನ. ಈ ಅಂತರವನ್ನು ತುಂಬುವುದೇ ಮೈದಾನದ ಹೊರಗಿನ ಆಟ.

ಎಕ್ಸೆಟರ್ ಅದನ್ನು ತುಂಬಿದ್ದು ಹೆಚ್ಚಾಗಿ ಮಕ್ಕಳನ್ನು ತರಬೇತುಗೊಳಿಸಿ. ಹೊರಗಿನಿಂದ ದುಬಾರಿ ಆಟಗಾರರನ್ನು ತರುವ ಬದಲು ಸುತ್ತಲ ಊರುಗಳ ಹುಡುಗರನ್ನು ಬೆಳೆಸುವುದು, ಅವರು ದೊಡ್ಡ ತಂಡಗಳ ಕಣ್ಣಿಗೆ ಬಿದ್ದಾಗ ಒಳ್ಳೆಯ ಬೆಲೆಗೆ ಬಿಟ್ಟುಕೊಡುವುದು. ವಾಟ್ಕಿನ್ಸ್ 2017ರಲ್ಲಿ ಬ್ರೆಂಟ್‌ಫರ್ಡ್ ತಂಡಕ್ಕೆ ಹೋದ. ಆಗ ಎಕ್ಸೆಟರ್‌ನವರು ಒಂದು ಷರತ್ತು ಬರೆಸಿಕೊಂಡರು: ಮುಂದೆ ನೀವು ಇವನನ್ನು ಮಾರಿದರೆ ಅದರಲ್ಲೂ ನಮಗೆ ಪಾಲು. ನಮ್ಮ ಹಳ್ಳಿಗಳಲ್ಲಿ ಕರುವನ್ನು ಪಾಲಿಗೆ ಕೊಡುತ್ತಾರಲ್ಲ, ಸಾಕಿದವನು ಮಾರುವ ದಿನ ಕೊಟ್ಟವನಿಗೂ ಹಣ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. 2020ರಲ್ಲಿ ಆಸ್ಟನ್ ವಿಲ್ಲಾ ತಂಡ ಅವನನ್ನು ಭಾರಿ ಮೊತ್ತಕ್ಕೆ ಕೊಂಡಿತು. ಕೊರೋನಾದಿಂದ ಮೈದಾನಗಳು ಖಾಲಿ ಬಿದ್ದು ಸಣ್ಣ ಕ್ಲಬ್ಬುಗಳು ಕಂಗಾಲಾಗಿದ್ದ ಆ ವರ್ಷವೇ ಎಕ್ಸೆಟರ್‌ನ ಖಾತೆಗೆ ಅದರ ಪಾಲು ಜಮಾ ಆಯಿತು.

ಇದರಲ್ಲಿ ಸಂಕಟವೂ ಇದೆ. ಸ್ವಂತ ಊರಿನ ಹುಡುಗ ಚೆನ್ನಾಗಿ ಆಡತೊಡಗಿದ ಅಂದರೆ ಹೊರಡುವ ದಿನ ಹತ್ತಿರ ಬಂತೆಂದೇ ಅರ್ಥ. ಸೊಸೈಟಿಯಂಥ ಆಡಳಿತ ನಿಧಾನವೂ ಹೌದು. ನಾಲ್ಕು ಜನರನ್ನು ಕೇಳಬೇಕು, ಸಭೆಯಲ್ಲಿ ಬೈಸಿಕೊಳ್ಳಬೇಕು. ಆದರೂ 2006ರಲ್ಲಿ ಬಂದ ಮ್ಯಾನೇಜರ್ ಪಾಲ್ ಟಿಸ್‌ಡೇಲ್‌ರನ್ನು ಅವರು ಹನ್ನೆರಡು ವರ್ಷ ಇಟ್ಟುಕೊಂಡರು. ನಾಲ್ಕು ಪಂದ್ಯ ಸೋತರೆ ಮ್ಯಾನೇಜರನ್ನು ಕಿತ್ತುಹಾಕುವ ಆಟದಲ್ಲಿ ಇದು ದೊಡ್ಡ ತಾಳ್ಮೆ. 2008ರಲ್ಲಿ ತಂಡ ಲೀಗಿಗೆ ಮರಳಿತು, ಮರುವರ್ಷ ಇನ್ನೊಂದು ಮೆಟ್ಟಿಲು ಹತ್ತಿತು. ನಡುವೆ ಜಾರಿತು, 2022ರಲ್ಲಿ ಮತ್ತೆ ಹತ್ತಿತು. ಮೈದಾನದ ಅಂಚಿನ ಜಾಗದಲ್ಲಿ ವಿದ್ಯಾರ್ಥಿಗಳ ವಸತಿಗೃಹ ಕಟ್ಟಲು ಬಿಟ್ಟು, ಆ ವ್ಯವಹಾರದ ನೆರವಿನಿಂದ 2018ರಲ್ಲಿ ಹೊಸ ಸ್ಟ್ಯಾಂಡ್ ಎಬ್ಬಿಸಿದರು.

ಇಷ್ಟೆಲ್ಲ ಜಾಗ್ರತೆ ಏಕೆ ಎಂದು ಕೇಳಿದರೆ ಬರಿ ಎಂಬ ಊರಿನ ಕಡೆ ಬೆರಳು ತೋರಿಸಬೇಕು. 1885ರಲ್ಲಿ ಹುಟ್ಟಿ ಎರಡು ಸಲ ಎಫ್.ಎ. ಕಪ್ ಗೆದ್ದಿದ್ದ ಬರಿ ಕ್ಲಬ್ಬು ಕೊನೆಯಲ್ಲಿ ಕೇವಲ ಒಂದು ಪೌಂಡಿಗೆ ಒಬ್ಬರ ಕೈಗೆ ಹೋಯಿತು. ಹಣದ ವ್ಯವಸ್ಥೆ ತೋರಿಸಲಾಗದೆ 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಬಿತ್ತು. ಶನಿವಾರ ಮಧ್ಯಾಹ್ನ ಮೊಮ್ಮಗನ ಕೈ ಹಿಡಿದು ಮೈದಾನಕ್ಕೆ ಹೋಗುತ್ತಿದ್ದ ಅಜ್ಜಂದಿರು ಗೇಟಿನ ಬೀಗ ನೋಡಿ ವಾಪಸು ಬಂದರು.

ಸಣ್ಣ ಕ್ಲಬ್ಬುಗಳು ಊರಿಗೆ ಹತ್ತಿರವಾಗಲು ಮಾಡುವ ಕೆಲಸಗಳು ಒಂದೊಂದೂ ಸೊಗಸು. ಆಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ಪುಟ್ಟ ಕ್ಲಬ್ಬು ಸುತ್ತಲ ಶಾಲೆಗಳಲ್ಲಿ ಮೂರನೇ ವರ್ಷದ ತರಗತಿಯ ಮಕ್ಕಳಿಗೆ ತಂಡದ ಅಂಗಿಯನ್ನು ಬಿಟ್ಟಿಯಾಗಿ ಹಂಚುತ್ತದೆ. ಚೆಸ್ಟರ್‌ಫೀಲ್ಡ್ ಕ್ಲಬ್ಬಿನವರು 2011ರಲ್ಲಿ 'ನಡೆಯುವ ಫುಟ್‌ಬಾಲ್' ಶುರುಮಾಡಿದರು. ಐವತ್ತು ದಾಟಿದವರ ಆಟ, ಓಡಿದರೆ ಫೌಲ್! ಮಂಡಿನೋವಿನವರಿಗೂ ಒಗ್ಗುವ ಈ ಆಟ ಈಗ ದೇಶದೇಶಗಳಿಗೆ ಹಬ್ಬಿದೆ. ಎಕ್ಸೆಟರ್‌ನಲ್ಲೂ ಶಾಲೆಗಳಿಗೆ ಹೋಗಿ ಆಟ ಕಲಿಸಲು, ಅಂಗವಿಕಲರನ್ನು ಆಡಿಸಲು, ಒಂಟಿಯಾಗಿ ಮನೆಯಲ್ಲಿ ಕೂತವರನ್ನು ಹೊರಗೆ ಕರೆತರಲು ಕ್ಲಬ್ಬಿನದೇ ಒಂದು ಸೇವಾಸಂಸ್ಥೆ ಇದೆ.

ಆದರೆ ಎಕ್ಸೆಟರ್‌ನವರನ್ನು ಕೇಳಿದರೆ ಅವರು ಮೊದಲು ಹೇಳುವುದು ಒಂದು ಅಂಗಿಯ ಕಥೆ ಇರಬೇಕು. ಆಡಂ ಸ್ಟ್ಯಾನ್ಸ್‌ಫೀಲ್ಡ್ ಅವರ ಒಂಬತ್ತನೇ ನಂಬರಿನ ಆಟಗಾರ. ತಂಡ ಲೀಗಿಗೆ ಮರಳಿದಾಗ, ಮೇಲೆ ಹತ್ತಿದಾಗ ಜೊತೆಗಿದ್ದವರು. 2010ರ ಆಗಸ್ಟ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 31. ಒಂಬತ್ತು ಋತುಗಳವರೆಗೆ ಆ ನಂಬರನ್ನು ಯಾರಿಗೂ ಕೊಡುವುದಿಲ್ಲ ಎಂದು ಕ್ಲಬ್ಬು ತೀರ್ಮಾನಿಸಿತು. ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಹುಟ್ಟಿ, ಆ ಕಾಯಿಲೆಯ ಬಗ್ಗೆ ತಿಳಿವಳಿಕೆ ಮೂಡಿಸುತ್ತ, ಮಕ್ಕಳ ಆಟಕ್ಕೆ ನೆರವಾಗುತ್ತ ನಡೆದಿದೆ.

ತಂದೆ ತೀರಿಕೊಂಡಾಗ ಮಗ ಜೇ ಏಳು ವರ್ಷದ ಹುಡುಗ. ಅವನೂ ಎಕ್ಸೆಟರ್‌ನ ಗರಡಿಯಲ್ಲೇ ಬೆಳೆದು, ಲಂಡನ್ನಿನ ಫುಲಮ್ ಕ್ಲಬ್ಬಿಗೆ ಹೋದ. 2022ರಲ್ಲಿ ಫುಲಮ್‌ನವರು ಅವನನ್ನು ಒಂದು ಋತುವಿಗೆ ಎಕ್ಸೆಟರ್‌ಗೆ ಎರವಲು ಕೊಟ್ಟರು. ಬಿಗ್ ಬ್ಯಾಂಕ್ ದಿಬ್ಬದ ಮೇಲೆ, ಹನ್ನೆರಡು ವರ್ಷದ ಹಿಂದೆ ಅಪ್ಪನಿಗಾಗಿ ಕೂಗುತ್ತಿದ್ದವರೇ ಅನೇಕರು ನಿಂತಿದ್ದರು. ಹತ್ತೊಂಬತ್ತರ ಹುಡುಗ ಮೈದಾನಕ್ಕೆ ಇಳಿದ. ಬೆನ್ನ ಮೇಲೆ ಸ್ಟ್ಯಾನ್ಸ್‌ಫೀಲ್ಡ್ ಎಂಬ ಹೆಸರು, ಅದರ ಕೆಳಗೆ 9.