ಲಿನಕ್ಸ್ ಸ್ಥಾಪನೆ: ಹೊಸಬರು ಅಂಜುವುದೆಲ್ಲಿ, ಎಚ್ಚರ ಬೇಕಾದುದೆಲ್ಲಿ?

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಹತ್ತು ವರ್ಷದ ಹಳೆಯ ಗಣಕಯಂತ್ರವೊಂದು ಇಂದಿಗೂ ಉಳಿದಿದೆ. ಮಕ್ಕಳ ನಾಮಕರಣದ ಛಾಯಾಚಿತ್ರಗಳು, ಊರಿನ ರಥೋತ್ಸವದ ದೃಶ್ಯಗಳು, ಹಿರಿಯರು ಹೇಳಿ ಬರೆಯಿಸಿದ ವಂಶಾವಳಿ, ಎಲ್ಲವೂ ಅದರಲ್ಲಿಯೇ ಇರುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಅಂಗ ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಹೀಗಾಗಿ ಯಂತ್ರವನ್ನು ಗುಜರಿಗೆ ಹಾಕುವುದೋ, ಲಿನಕ್ಸ್ ಸ್ಥಾಪಿಸಿ ಇನ್ನಷ್ಟು ವರ್ಷ ಬಳಸುವುದೋ ಎಂಬ ಪ್ರಶ್ನೆ ಹಲವರ ಮುಂದಿದೆ. ಲಿನಕ್ಸ್ ಎಂದೊಡನೆ ಕಪ್ಪು ಪರದೆಯನ್ನೂ ಅರ್ಥವಾಗದ ಆದೇಶಗಳನ್ನೂ ನೆನೆದು ಹೊಸಬರು ಹಿಂಜರಿಯುತ್ತಾರೆ. ನಿಜವಾದ ಅಪಾಯ ಇರುವುದು ಅಲ್ಲಲ್ಲ.

ಹಿನ್ನೆಲೆ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಮತ್ತು ಅವರ ಸಹೋದ್ಯೋಗಿಗಳು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅಡಿಪಾಯ ಹಾಕಿದರು. ಅದರ ಮಾದರಿಯನ್ನು ಅನುಸರಿಸಿ, 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಹೊಸದಾಗಿ ಬರೆದ ತಿರುಳೇ ಲಿನಕ್ಸ್. ಈ ತಿರುಳಿಗೆ ನಿತ್ಯೋಪಯೋಗಿ ತಂತ್ರಾಂಶಗಳನ್ನು ಕೂಡಿಸಿ ಹಂಚುವ ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಮುಂತಾದವುಗಳನ್ನು ವಿತರಣೆಗಳೆಂದು ಕರೆಯುತ್ತಾರೆ. ಇವು ಉಚಿತವಾಗಿ ದೊರೆಯುತ್ತವೆ.

ಮೊದಲು ಪರೀಕ್ಷೆ, ಆಮೇಲೆ ಸ್ಥಾಪನೆ

ವಿತರಣೆಯ ಕಡತವನ್ನು ಅಂತರ್ಜಾಲದಿಂದ ಇಳಿಸಿಕೊಂಡ ಹೊಸಬರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ, ಅದನ್ನು ಛಾಯಾಚಿತ್ರದಂತೆ ಪೆನ್ ಡ್ರೈವಿಗೆ ನಕಲು ಮಾಡುವುದು. ಹಾಗೆ ಮಾಡಿದರೆ ಯಂತ್ರವು ಅದರಿಂದ ಆರಂಭವಾಗದು. ರೂಫಸ್‌ನಂತಹ ತಂತ್ರಾಂಶದ ನೆರವಿನಿಂದ ಅದನ್ನು ಪೆನ್ ಡ್ರೈವಿನ ಮೇಲೆ ಬರೆಯಿಸಬೇಕು. ಆಗ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ. ಬಳಿಕ ಯಂತ್ರವನ್ನು ಚಾಲೂ ಮಾಡಿದೊಡನೆ, ತಯಾರಕರಿಗೆ ತಕ್ಕಂತೆ ಎಫ್2, ಎಫ್12, ಎಸ್ಕೇಪ್ ಅಥವಾ ಡಿಲೀಟ್ ಕೀಲಿಯನ್ನು ಒತ್ತಿ ಪೆನ್ ಡ್ರೈವನ್ನು ಆರಿಸಬೇಕು.

ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಸ್ಥಾಪಿಸದೆ ಇಡೀ ವ್ಯವಸ್ಥೆಯನ್ನು ಪೆನ್ ಡ್ರೈವಿನಿಂದಲೇ ನಡೆಸಿ ನೋಡುವ ಸೌಲಭ್ಯ ಇಲ್ಲಿದೆ. ವೈಫೈ ದೊರೆಯುತ್ತದೆಯೇ, ಧ್ವನಿ ಕೇಳಿಸುತ್ತದೆಯೇ, ಮುದ್ರಣಯಂತ್ರ ಸ್ಪಂದಿಸುತ್ತದೆಯೇ ಎಂಬುದನ್ನು ಒಂದು ಸಂಜೆ ನಿಧಾನವಾಗಿ ಪರೀಕ್ಷಿಸಬಹುದು. ಅವಸರದಲ್ಲಿ ಈ ಹಂತವನ್ನು ಬಿಟ್ಟವರು ಸ್ಥಾಪನೆಯ ನಂತರ ಪರಿತಪಿಸುತ್ತಾರೆ.

ಒಂದೇ ಒಂದು ಪ್ರಶ್ನೆ

ಸ್ಥಾಪನೆಯ ವೇಳೆ ಭಾಷೆ, ಕೀಲಿಮಣೆ, ಊರು, ಹೆಸರು, ಗುಪ್ತಪದ ಎಂದು ಹಲವು ಪ್ರಶ್ನೆಗಳು ಬರುತ್ತವೆ. ಇವುಗಳಲ್ಲಿ ಆದ ತಪ್ಪನ್ನು ಆಮೇಲೂ ತಿದ್ದಿಕೊಳ್ಳಬಹುದು. ತಿದ್ದಲಾಗದ ಪ್ರಶ್ನೆ ಒಂದೇ: ವಿಂಡೋಸ್ ಪಕ್ಕದಲ್ಲಿ ಸ್ಥಾಪಿಸಬೇಕೇ, ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸಬೇಕೇ? ನೋಡಲು ಇದೂ ಇತರ ಪ್ರಶ್ನೆಗಳಷ್ಟೇ ಸೌಮ್ಯವಾಗಿರುತ್ತದೆ.

2007ರಲ್ಲಿ ಮೊದಲ ಬಾರಿಗೆ ಉಬುಂಟು ಸ್ಥಾಪಿಸಲು ಕುಳಿತ ನಾನು ಮುಗ್ಗರಿಸಿದ್ದು ಇಲ್ಲಿಯೇ. ವ್ಯವಸ್ಥೆ ಇರುವುದು ಸಿ ಡ್ರೈವಿನಲ್ಲಿ, ಮನೆಯ ಛಾಯಾಚಿತ್ರಗಳಿರುವುದು ಡಿ ಡ್ರೈವಿನಲ್ಲಿ, ಆದ್ದರಿಂದ ಅವಕ್ಕೆ ಭಯವಿಲ್ಲ ಎಂದು ಭಾವಿಸಿ ಇಡೀ ಡಿಸ್ಕ್ ಎಂಬುದನ್ನು ಒತ್ತಿದೆ. ಸಿ ಮತ್ತು ಡಿ ಎಂಬವು ಬಹುತೇಕ ಮನೆಯ ಯಂತ್ರಗಳಲ್ಲಿ ಎರಡು ಪ್ರತ್ಯೇಕ ಡಿಸ್ಕುಗಳಲ್ಲ. ಒಂದೇ ಡಿಸ್ಕಿನ ಎರಡು ವಿಭಾಗಗಳು. ಗೋಡೆ ಹಾಕಿ ಎರಡು ಕೋಣೆ ಮಾಡಿದ ಮನೆಯನ್ನು ಕೆಡವಿದರೆ ಎರಡೂ ಕೋಣೆಗಳು ಹೋಗುವುದು ಸಹಜವಷ್ಟೆ! ಊರಿನ ಪೆಟ್ಟಿಗೆಯಲ್ಲಿ ಕಾಗದದ ಆಲ್ಬಮ್ ಇದ್ದುದರಿಂದ ಹಳೆಯ ಚಿತ್ರಗಳನ್ನು ಮತ್ತೆ ಸ್ಕ್ಯಾನ್ ಮಾಡಿಸಲಾಯಿತು. ಡಿಜಿಟಲ್ ಕ್ಯಾಮರಾದಲ್ಲಿ ತೆಗೆದ, ಮಗಳ ಮೊದಲೆರಡು ವರ್ಷಗಳ ಚಿತ್ರಗಳು ಮಾತ್ರ ಮರಳಿ ಬರಲಿಲ್ಲ.

ಆದುದರಿಂದ ಸ್ಥಾಪನೆಗೆ ಮುನ್ನ ಬೇಕಾದುದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲಿಸಿ, ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಕಡತಗಳು ತೆರೆಯುತ್ತವೆಯೇ ಎಂದು ಕಣ್ಣಾರೆ ನೋಡಿರಿ. ಅನಂತರ ಅದನ್ನು ಕಳಚಿಡಿರಿ. ಜೋಡಿಸಿದ ಡಿಸ್ಕನ್ನೇ ತಪ್ಪಿ ಅಳಿಸಿಕೊಂಡವರೂ ಉಂಟು. ಬಿಟ್‌ಲಾಕರ್ ಬೀಗ ಹಾಕಿರುವ ಯಂತ್ರವಾದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿರಿ.

ಸ್ಥಾಪನೆಯ ನಂತರದ ಗೊಂದಲಗಳು

ಮೊದಲ ದಿನ ಎದುರಾಗುವ ವಿಚಿತ್ರಗಳಿಗೆಲ್ಲ ಸರಳ ಕಾರಣಗಳಿವೆ. ಸಿ, ಡಿ ಎಂಬ ಹೆಸರುಗಳು ಕಾಣಿಸವು. ಯುನಿಕ್ಸ್ ಪದ್ಧತಿಯಲ್ಲಿ ಎಲ್ಲ ಕಡತಗಳೂ ಒಂದೇ ಬೇರಿನಿಂದ ಹೊರಟ ಕೊಂಬೆಗಳು. ಆದೇಶದ ಪರದೆಯಲ್ಲಿ ಗುಪ್ತಪದವನ್ನು ಒತ್ತುವಾಗ ಅನೇಕ ವಿತರಣೆಗಳಲ್ಲಿ ಒಂದು ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗದೆ ಪೂರ್ತಿ ಒತ್ತಿ ಎಂಟರ್ ಒತ್ತಿದರಾಯಿತು. ವಿಂಡೋಸ್ ಜೊತೆಗೇ ಸ್ಥಾಪಿಸಿದವರ ಗಡಿಯಾರ ಕೆಲವೊಮ್ಮೆ, ಭಾರತದಲ್ಲಾದರೆ ಸರಿಯಾಗಿ ಐದೂವರೆ ಗಂಟೆ, ವ್ಯತ್ಯಾಸ ತೋರಿಸುತ್ತದೆ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನೂ ವಿಂಡೋಸ್ ಸ್ಥಳೀಯ ಸಮಯವನ್ನೂ ಇಡುವುದೇ ಇದಕ್ಕೆ ಕಾರಣ.

ಕನ್ನಡದ ಮಾತು ಬೇರೆಯೇ. ಯುನಿಕೋಡ್ ಕನ್ನಡವನ್ನು ಓದಲು ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಬರೆಯಲು ಕೀಲಿಮಣೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಸಾಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳು ಮಾತ್ರ ರೋಮನ್ ಅಕ್ಷರಗಳ ಗೋಜಲಾಗಿ ಕಾಣಿಸುತ್ತವೆ. ಅವು ನಾಶವಾಗಿಲ್ಲ. ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ದೊರೆಯುತ್ತವೆ. ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿಕೊಳ್ಳುವುದು ಜಾಣತನ. ಅಜ್ಜ ಬರೆಯಿಸಿದ ವಂಶಾವಳಿ ಮೊಮ್ಮಕ್ಕಳಿಗೆ ಓದಲು ಸಿಗಬೇಕಾದರೆ ಲಿನಕ್ಸ್ ಹಾಕದವರೂ ಇದನ್ನು ಮಾಡಲೇಬೇಕು.

ಸ್ಥಾಪನೆಗೆ ಅರ್ಧ ಗಂಟೆ ಸಾಕಾಗಬಹುದು. ಸಿದ್ಧತೆಗೆ ಒಂದು ಭಾನುವಾರವನ್ನೇ ಮೀಸಲಿಡಿರಿ. ಕಪ್ಪು ಪರದೆಗೆ ಅಂಜಬೇಡಿರಿ. ಡಿಸ್ಕಿನ ಪ್ರಶ್ನೆ ಬಂದಾಗ ಮಾತ್ರ ಕೈಯನ್ನು ಮೌಸಿನಿಂದ ತೆಗೆದು, ಇನ್ನೊಮ್ಮೆ ಓದಿ, ಮುಂದುವರಿಯಿರಿ.