ಪೌರನ ಹಕ್ಕು, ನೆರೆಯವನ ಹೊಣೆ

ಕರ್ತವ್ಯವನ್ನು ನಡಸದವನಿಗೆ ಹಕ್ಕನ್ನು ಕೇಳುವ ಅಧಿಕಾರವೆಲ್ಲಿಯದು ಎಂಬ ಮಾತು ನಮ್ಮಲ್ಲಿ ಬಲು ಬಳಕೆಯಲ್ಲಿದೆ. ಕೇಳುವುದಕ್ಕೆ ಅದು ನ್ಯಾಯವಾಗಿಯೇ ತೋರುತ್ತದೆ. ಆದರೆ ಹಕ್ಕೆಂಬುದು ಕರ್ತವ್ಯಕ್ಕೆ ಸಲ್ಲುವ ಕೂಲಿಯೆ? ಇದು ವಿಚಾರಮಾಡತಕ್ಕ ವಿಷಯ.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ ಮೂರನೆಯ ಭಾಗದಲ್ಲಿ ಮೂಲಭೂತ ಹಕ್ಕುಗಳನ್ನು ನಿರೂಪಿಸಿತು. ಅವುಗಳಿಗೆ ಭಂಗ ಬಂದಾಗ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋಗುವುದೂ 32ನೆಯ ವಿಧಿಯಂತೆ ಒಂದು ಹಕ್ಕೇ. ಮೂಲಭೂತ ಕರ್ತವ್ಯಗಳಾದರೋ 1976ರಲ್ಲಿ, 42ನೆಯ ತಿದ್ದುಪಡಿಯಿಂದ, ಸೇರಿದುವು. ಮೊದಲು ಹತ್ತಾಗಿದ್ದುವು 2002ರಲ್ಲಿ ಹನ್ನೊಂದಾದುವು. ಇವುಗಳಲ್ಲಿ ತಪ್ಪಿದವನ ಹಕ್ಕು ಹೋಯಿತೆಂದು ಸಂವಿಧಾನವು ಎಲ್ಲಿಯೂ ಹೇಳಿಲ್ಲ.

ಹಕ್ಕೂ ಕರ್ತವ್ಯವೂ ಎದುರುಬದುರಾಗಿ ನಿಂತಂತೆ ತೋರಿದ ಸಂದರ್ಭವೊಂದುಂಟು. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಿದರು. ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಹಾಡುವುದಕ್ಕೆ ಅವರ ನಂಬಿಕೆ ಅಡ್ಡಬರುತ್ತಿದ್ದಿತು. ರಾಷ್ಟ್ರಗೀತೆಯನ್ನು ಗೌರವಿಸುವುದಾದರೋ ಕರ್ತವ್ಯಗಳ ಪಟ್ಟಿಯಲ್ಲಿ ಮೊದಲನೆಯದರಲ್ಲಿಯೇ ಸೇರಿದೆ. ಕೇರಳದ ಉಚ್ಚ ನ್ಯಾಯಾಲಯವು ಮಕ್ಕಳ ಮೊರೆಯನ್ನು ಮನ್ನಿಸಲಿಲ್ಲ. 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬೇರೆ ತೀರ್ಪನ್ನಿತ್ತಿತು. ಮೌನವಾಗಿ ಎದ್ದು ನಿಲ್ಲುವುದೂ ಗೌರವವೇ. ಹಾಡಲೇಬೇಕೆಂದು ಯಾವ ಕಾನೂನೂ ವಿಧಿಸಿಲ್ಲ. ಮಕ್ಕಳನ್ನು ಹೊರಹಾಕಿದುದು ಅವರ ಅಭಿವ್ಯಕ್ತಿಸ್ವಾತಂತ್ರ್ಯಕ್ಕೂ ಅಂತಃಕರಣಸ್ವಾತಂತ್ರ್ಯಕ್ಕೂ ಭಂಗ. ಅವರನ್ನು ಮರಳಿ ಸೇರಿಸಿಕೊಳ್ಳತಕ್ಕುದು—ಇದು ಆ ತೀರ್ಪಿನ ಸಾರ.

ಇದರಿಂದ ಕರ್ತವ್ಯವು ಸೋತು ಹಕ್ಕು ಗೆದ್ದಿತೆಂದು ಯಾರೂ ಭಾವಿಸಬೇಕಾಗಿಲ್ಲ. ಮಕ್ಕಳು ತಮ್ಮ ಕರ್ತವ್ಯವನ್ನು ತಮ್ಮ ರೀತಿಯಲ್ಲಿ ನಡಸಿಯೇ ಇದ್ದರು. ಮತ, ಭಾಷೆ, ಪ್ರಾಂತಗಳ ಭೇದವನ್ನು ಮೀರಿದ ಸೋದರಭಾವವನ್ನು ಬೆಳಸುವುದು ಅದೇ ಪಟ್ಟಿಯಲ್ಲಿರುವ ಇನ್ನೊಂದು ಕರ್ತವ್ಯ. ಅದು ಉಳಿದವರ ಪಾಲಿನದಾಗಿದ್ದಿತು. ಹಲವರು ಹಾಡುತ್ತಿರುವಲ್ಲಿ ಸುಮ್ಮನೆ ನಿಂತ ಒಬ್ಬನನ್ನು ನಿಲ್ಲಗೊಡುವುದು ಹಾಡುವವರ ಹೊಣೆ.

ಎಲ್ಲರೂ ಮೆಚ್ಚುವ ನಡೆಗೆ ಕಾವಲು ಬೇಕಿಲ್ಲ. ಒಂಟಿಯಾದವನ ನಡೆಗೆ ಬೇಕು. ನನ್ನ ಹಕ್ಕು ನೆರೆಯವನ ಹೊಣೆಯಿಂದಲೂ, ನೆರೆಯವನ ಹಕ್ಕು ನನ್ನ ಹೊಣೆಯಿಂದಲೂ ಉಳಿಯತಕ್ಕವು. ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬಲ್ಲವರು ಕೆಲವರು ಮಾತ್ರ. ಮಿಕ್ಕವರ ಹಕ್ಕನ್ನು ಬೀದಿಯಲ್ಲಿಯೂ ಶಾಲೆಯಲ್ಲಿಯೂ ಕಛೇರಿಯಲ್ಲಿಯೂ ಕಾಯಬೇಕಾದವರು ನಾವೇ.